ವರದಮ್ಮ ಹೇಳಿದ ಸಾಕ್ಷಿ

ಹೂವಮ್ಮ ಗಂಡನ ಮನೆ ಬಿಟ್ಟದ್ದು ತನಗೆ ಬಿದ್ದ ಏಟುಗಳಿಗಲ್ಲ. ಕವಲೇದುರ್ಗದ ಕೆಳಗಿನ ಆ ಮನೆಯಲ್ಲಿ ಒಂಬತ್ತು ವರ್ಷ ಅವನ್ನೆಲ್ಲ ಹಲ್ಲು ಕಚ್ಚಿ ಸಹಿಸಿದ್ದಳು. ಹಾಲು ಚೆಲ್ಲಿದಳೆಂದು ಗಂಡ ದುಗ್ಗಪ್ಪ ಏಳು ವರ್ಷದ ಮಗಳು ಶೇಷಿಯ ತೋಳಿಗೆ ಕಾದ ಸೌಟು ಒತ್ತಿದ ದಿನ, ಮಗಳನ್ನು ಕರೆದುಕೊಂಡು ಹೊಸನಗರದ ಅಣ್ಣನ ಮನೆಗೆ ಬಂದುಬಿಟ್ಟಳು. ಅಲ್ಲೇ ಹೊಲಿಗೆ ಕಲಿತು ರವಿಕೆ ಹೊಲಿಯತೊಡಗಿದಳು.

ಮರುವರ್ಷ, ೧೯೬೪ರಲ್ಲಿ, ಮಗಳು ತನಗೇ ಬೇಕೆಂದು ದುಗ್ಗಪ್ಪ ಶಿವಮೊಗ್ಗದ ಕೋರ್ಟಿಗೆ ಹೋದ. ಹೂವಮ್ಮನ ವಕೀಲರು ಕೃಷ್ಣಯ್ಯ ಮುಚ್ಚುಮರೆಯಿಲ್ಲದೆ ಹೇಳಿದರು: “ಕಾನೂನು ಮೊದಲು ಅಪ್ಪನ್ನೇ ಪೋಷಕ ಅನ್ನುತ್ತಮ್ಮ. ಸುಟ್ಟಿದ್ದು ಅವನೇ ಅಂತ ಕಂಡೋರು ಯಾರಾದ್ರೂ ಹೇಳ್ಬೇಕು.”

ಕಂಡವರು ಅತ್ತೆ ವರದಮ್ಮ ಒಬ್ಬರೇ. ಹೆತ್ತ ಮಗನ ವಿರುದ್ಧ ಅವರು ಬಾಯಿ ಬಿಡುತ್ತಾರೆಯೇ? ಹೂವಮ್ಮ ಆ ಆಸೆಯನ್ನೇ ಇಟ್ಟುಕೊಳ್ಳಲಿಲ್ಲ. ವಿಚಾರಣೆಯ ದಿನ ನೋಡಿದರೆ, ಮೊಮ್ಮಗಳನ್ನು ಅಜ್ಜಿ ಸಾಕುತ್ತಾಳೆಂದು ಹೇಳಿಸಲು ದುಗ್ಗಪ್ಪನೇ ತಾಯಿಯನ್ನು ಕರೆತಂದಿದ್ದ.

ದುಗ್ಗಪ್ಪನ ವಕೀಲ ಕೇಳಿದ: “ಮೊಮ್ಮಗಳು ನಿಮ್ಮ ಮನೇಲಿ ಸುಖವಾಗಿರ್ತಾಳಲ್ವೇನಮ್ಮ?”

ವರದಮ್ಮ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರು ನೋಡಿದ್ದು ವಕೀಲನನ್ನಲ್ಲ, ನ್ಯಾಯಾಧೀಶರನ್ನು.

“ಇಲ್ಲ ಸ್ವಾಮಿ. ಸೌಟು ಒತ್ತಿದ್ದು ನನ್ನ ಮಗನೇ. ತಡೆಯಕ್ಕೆ ಹೋದ್ರೆ ನನ್ನನ್ನೂ ನೂಕ್ದ. ಆ ಮಗೂನ ಕಾಯೋ ಶಕ್ತಿ ನಂಗಿಲ್ಲ. ಅದನ್ನ ಅದರ ತಾಯಿ ಹತ್ರಾನೇ ಬಿಡಿ.”

ನ್ಯಾಯಾಧೀಶರು ಶೇಷಿಯನ್ನು ತಮ್ಮ ಕೋಣೆಗೆ ಕರೆಸಿ, ಮೆಲ್ಲಗೆ ಮಾತಾಡಿಸಿ, ತೋಳಿನ ಕಲೆ ನೋಡಿದರು. ಮಗು ತಾಯಿಯ ಬಳಿಯೇ ಇರಬೇಕು, ತಂದೆ ನೋಡುವುದಾದರೆ ಸೋದರಮಾವನ ಎದುರಿಗೇ ನೋಡಬೇಕು ಎಂದು ತೀರ್ಪಾಯಿತು.

“ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ,” ಎಂದು ತಾಯಿಗೆ ಹೇಳಿ ದುಗ್ಗಪ್ಪ ಹೊರಟುಹೋದ. ಕೋರ್ಟಿನ ಜಗಲಿಯ ಮೇಲೆ ವರದಮ್ಮ ಕೈಚೀಲ ಹಿಡಿದು ಒಂಟಿಯಾಗಿ ನಿಂತಿದ್ದರು. ಹೂವಮ್ಮ ಹೋಗಿ ಕಾಲಿಗೆರಗಿದಳು.

“ಏಳೇ, ಹೂವಿ. ಅವನು ಮೊದಲ ಸಲ ಕೈಯೆತ್ತಿದಾಗ್ಲೇ ಹೇಳ್ಬೇಕಿತ್ತು ನಾನು.”

“ಇವತ್ತು ಹೇಳಿದ್ರಲ್ಲ ಅತ್ತೆಮ್ಮ. ಬನ್ನಿ, ಹೊಸನಗರದ ಬಸ್ಸು ಹೊರಡ್ತದೆ.”

“ನಾನೂ ಬರೋದಾ?”

ಹೂವಮ್ಮ ಅವರ ಕೈಚೀಲ ತೆಗೆದುಕೊಂಡಳು. ಶೇಷಿ ಅಜ್ಜಿಯ ಬೆರಳು ಹಿಡಿದಳು.

ಮುಂದಿನ ಐದು ವರ್ಷ ವರದಮ್ಮ ಹೊಸನಗರದ ಆ ಮನೆಯಲ್ಲೇ ಇದ್ದರು. ಸೊಸೆ ಹೊಲಿದ ರವಿಕೆಗಳಿಗೆ ಕೊಕ್ಕೆ ಹಾಕುತ್ತಿದ್ದರು, ಮೊಮ್ಮಗಳನ್ನು ಶಾಲೆಗೆ ಬಿಟ್ಟುಬರುತ್ತಿದ್ದರು. ಗಂಡನ್ನ ಬಿಟ್ಟು ಅತ್ತೆಯನ್ನು ಸಾಕುತ್ತೀಯಲ್ಲ ಎಂದು ಕೇರಿಯ ಹೆಂಗಸರು ಕುಟುಕಿದರೆ, “ನನ್ನ ಮಗಳನ್ನ ನಂಗೆ ಉಳಿಸಿಕೊಟ್ಟೋರು ಅವ್ರು,” ಎಂದಷ್ಟೇ ಹೇಳಿ ಹೂವಮ್ಮ ಮತ್ತೆ ಮಿಷನ್ ತುಳಿಯುತ್ತಿದ್ದಳು.