ಓದಿ ಹೇಳುತ್ತಿದ್ದ ನಾಯಕರು

ಮತದಲ್ಲಿ ಸೋತ ಸಿಟ್ಟಿಗೇ ನಮ್ಮ ಆನ್‌ಲೈನ್ ಚೆಸ್ ಗುಂಪಿನ ನಾಯಕರು ಬಿಟ್ಟುಹೋದರು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸೋತ ಮೇಲೂ ಅವರು ಇದ್ದರಲ್ಲ?

ಪಂದ್ಯದಲ್ಲಿ ಯಾವ ನಡೆ ಆಡಬೇಕೆಂಬ ಟಿಪ್ಪಣಿಗಳನ್ನು ಎಲ್ಲರೂ ಸೇರಿ ಬರೆದು ತಿದ್ದಲು ಸವಣೂರಿನ ಗೆಳೆಯ ಚಿತ್ರಗಳೇ ತುಂಬಿದ ಹೊಸ ಆ್ಯಪ್ ತಂದ. ವಿಡಿಯೊ ಕಾಲ್‌ನಲ್ಲಿ ನಾಯಕರು ಕನ್ನಡಕ ಹಣೆಗೇರಿಸಿ, ಎಂದಿನಂತೆ, "ಎಲ್ಲಾರಿಗೂ ಓದಾಕ ಬರ್ತೈತೇನ್ರಪಾ?" ಎಂದರು. ತಿಳವಳ್ಳಿಯ ಆಟಗಾರ್ತಿಗೆ ಕಣ್ಣು ಕಾಣದು. ಅವಳ ಫೋನ್ ಅಕ್ಷರ ಓದಿ ಹೇಳುತ್ತದೆ, ಚಿತ್ರವನ್ನಲ್ಲ.

"ಒಬ್ಬಾಕಿ ಸಲುವಾಗಿ ಎಲ್ಲಾರೂ ಹಿಂದ ಉಳೀಬೇಕೇನ್ರಿ ಅಣ್ಣಾ?" ಎಂದ ಗೆಳೆಯ. ಮತಕ್ಕೆ ಹಾಕಿದಾಗ ಹೆಚ್ಚು ಮತ ಅವನ ಆ್ಯಪ್‌ಗೇ ಬಿತ್ತು.

ಅಂದಿನಿಂದ ನಾಯಕರೇ ದಿನಾ ಅವಳಿಗೆ ಫೋನ್ ಮಾಡಿ ನಡೆಗಳನ್ನು ಓದುತ್ತಿದ್ದರು. ಪಂದ್ಯದ ದಿನ ಅವರು ಓದಿದ ಮೇಲೆ ಯಾರೋ ಟಿಪ್ಪಣಿ ತಿದ್ದಿದರು. ಅವಳು ಹಳೆಯ ನಡೆಯನ್ನೇ ಆಡಿ ಸೋತಳು.

"ಒಂದೀಟು ಓದಿ ಬರಾಕ ಆಗಲಿಲ್ಲೇನವಾ?" ಎಂದು ಗುಂಪು ಹಂಗಿಸಿತು. ಅವಳು ಹೊರಹೋದಳು, ಹಿಂದೆಯೇ ನಾಯಕರೂ.

ಸವಣೂರಿನವನಿಗೆ ಬರೆದೆ: "ನಾಯಕರು ಸಿಟ್ಟಿಗೆ ಹೋದ್ರು ಅನ್ನೋ ಮಾತು ಬಿಡು. ಆಕಿ ಈಗ ಎಲ್ಲೆರ ಆಡಾಕತ್ತಾಳೇನೋ?"