ಕಾರ್ಮಿನಕ್ಕ ಗೊಣಗುವುದನ್ನು ನಿಲ್ಲಿಸಿದ ಶುಕ್ರವಾರ

ಮಗುವಿನ ಟೋಪಿ ಚೀಲದಲ್ಲಿದೆಯೋ ಇಲ್ಲವೋ ಎಂದು ಗಾನವಿ ಮತ್ತೊಮ್ಮೆ ಜಿಪ್ಪು ಎಳೆದು ನೋಡಿದಳು. ಟೋಪಿ ಇತ್ತು. ಓಆರ್‌ಎಸ್ ಪೊಟ್ಟಣ, ಹೆಚ್ಚುವರಿ ಶೂ ದಾರ, ಸನ್‌ಸ್ಕ್ರೀನು, ಬ್ಯಾಂಡೇಜು ಎಲ್ಲವೂ ಇದ್ದವು. ಆದರೂ ಎದೆ ಹಗುರಾಗಲಿಲ್ಲ. ವಾರವಿಡೀ ಅಲ್ಲಿ ಕೂತು ಜಪ್ಪಯ್ಯ ಅಂದರೂ ಏಳದ ಚಿಂತೆ ಅದು: ಇವತ್ತಿನ ಫೈನಲ್‌ನಲ್ಲಿ ಕಾರ್ಮಿನಕ್ಕನನ್ನು ಅರ್ಧದಲ್ಲೇ ಇಳಿಸಬೇಕಾಗಿ ಬಂದರೆ, ತನ್ನ ಕೈಯಲ್ಲಾದೀತೇ?

ಗಾನವಿ ಮೈಸೂರಿನವಳು. ಗಂಡ ನಂದನ್‌ನ ಕೆಲಸದ ಬೆನ್ನು ಹತ್ತಿ ಅಬುಧಾಬಿಗೆ ಬಂದು, ಅಲ್ ರೀಮ್ ಐಲ್ಯಾಂಡಿನ ಎತ್ತರದ ಟವರೊಂದರಲ್ಲಿ ಮನೆ ಹೂಡಿದ್ದಳು. ಮಗಳು ತೃಷಾಗೆ ಎರಡೂವರೆ ವರ್ಷ. ಹಾಲು ಅಂದರೆ 'ನೋ', ಸಾಕ್ಸ್ ಅಂದರೆ 'ನೋ', ಮಲಗು ಅಂದರೂ 'ನೋ'. ಮಗು 'ನೋ' ಅನ್ನದೆ ಸುಮ್ಮನೆ ಹೇಳಿದ ಮಾತು ಕೇಳಿದ ದಿನ ಗಾನವಿ ಥರ್ಮಾಮೀಟರ್ ಹುಡುಕುತ್ತಿದ್ದಳು. ಹೆಚ್ಚಿನ ಸಲ ಅವಳ ಭಯವೇ ನಿಜವಾಗುತ್ತಿತ್ತು.

ಕಾಲೇಜಿನ ದಿನಗಳಲ್ಲಿ ಅವಳು ಯೂನಿವರ್ಸಿಟಿಯ ಸಾಫ್ಟ್‌ಬಾಲ್ ತಂಡದ ಪಿಚರ್. ಬೇಸ್‌ಬಾಲಿನ ತಂಗಿಯಂಥ ಆಟ ಅದು. ಚೆಂಡು ಕೊಂಚ ದಪ್ಪ, ಮೈದಾನ ಕೊಂಚ ಚಿಕ್ಕದು. ಚೆಂಡೆಸೆಯುವ ಪಿಚರ್ ಅದನ್ನು ಭುಜದ ಮೇಲಿಂದ ಬಿಡುವಂತಿಲ್ಲ, ಸೊಂಟದ ಪಕ್ಕದಿಂದಲೇ ಬಿಡಬೇಕು, ಚೆಂಡು ನೆಲ ಮುಟ್ಟದೆ ಬ್ಯಾಟಿನವಳ ಮುಂದೆ ಹಾದು ಹೋಗಬೇಕು. ಅಂತರ ವಿಶ್ವವಿದ್ಯಾಲಯದ ಫೈನಲ್‌ನ ಕೊನೆಯ ಸರದಿಯಲ್ಲಿ ಕೋಚ್ ಚಾಮುಂಡೇಶ್ವರಿ ಮೇಡಂ ಅವಳ ಕೈಯಿಂದ ಚೆಂಡು ತೆಗೆದುಕೊಂಡು ಬೇರೆ ಹುಡುಗಿಗೆ ಕೊಟ್ಟಿದ್ದರು. ತಂಡ ಸೋತಿತ್ತು. ಯಾಕೆ ಮೇಡಂ ಎಂದು ಕೇಳಿದ್ದಕ್ಕೆ ಅವರು, "ನಿನ್ನ ಬಾಯಿ ನಿಂತುಹೋಗಿತ್ತು, ಗಾನವಿ" ಎಂದಷ್ಟೇ ಹೇಳಿದ್ದರು. ಹೊಡೆತ ಬಿದ್ದರೂ ಬೀಳದಿದ್ದರೂ ವಟಗುಟ್ಟುವ ಹುಡುಗಿ ಎಂದು ಹಾಸ್ಟೆಲಿನವರೆಲ್ಲ ಆಡಿಕೊಳ್ಳುತ್ತಿದ್ದ ಕಾಲ. ಮೇಡಂ ಕೂಡ ಸೋತ ಹೊತ್ತಿನಲ್ಲಿ ಗೇಲಿ ಮಾಡಿದರೆಂದೇ ಗಾನವಿ ತಿಳಿದಳು. ಆಮೇಲೆ ಅವಳು ಮಾತಾಡಿಸಲಿಲ್ಲ. ಮದುವೆಗೆ, ಮಗು ಹುಟ್ಟಿದಾಗ ಮೇಡಂ ಸಂದೇಶ ಕಳಿಸಿದ್ದರು. 'ಥ್ಯಾಂಕ್ಯೂ ಮೇಡಂ' ಎಂದು ಬರೆದು ಫೋನು ಕೆಳಗಿಟ್ಟಿದ್ದಳು. ಈಗ ಅವಳೇ ಒಂದು ತಂಡದ ಮ್ಯಾನೇಜರ್. ಅದೇ ಕೆಲಸವನ್ನು ಇನ್ನೊಬ್ಬಳಿಗೆ ಮಾಡಬೇಕಾದೀತೋ ಏನೋ.

ಮ್ಯಾನೇಜರ್ ಆದದ್ದೂ ಚಿಂತೆಯ ದೆಸೆಯಿಂದಲೇ. ಟವರಿನ ಹೆಂಗಸರು 'ರೀಮ್ ರಾಣೀಸ್' ಎಂದು ಸಾಫ್ಟ್‌ಬಾಲ್ ತಂಡ ಕಟ್ಟಿ ಲೀಗಿಗೆ ಹೆಸರು ಕೊಟ್ಟಾಗ, ಮಗುವನ್ನು ಕಣ್ಣಳತೆಯಿಂದ ಆಚೆ ಬಿಡಲಾರದ ಗಾನವಿ ಆಡುವುದಿಲ್ಲವೆಂದಳು. ಸುಮ್ಮನೆ ನೋಡಲು ಹೋದವಳು ಯಾರು ನೀರು ಕುಡಿದಿಲ್ಲ, ಯಾರ ಕಾಲು ಉಳುಕಿದೆ, ಯಾರು ನೈಟ್ ಡ್ಯೂಟಿ ಮುಗಿಸಿ ನೇರ ಬಂದಿದ್ದಾರೆ ಎಂದು ಒಬ್ಬೊಬ್ಬರ ಹಿಂದೆ ಸುತ್ತುತ್ತಿದ್ದಳು. ಈ ಸುತ್ತಾಟಕ್ಕೊಂದು ಹುದ್ದೆ ಕೊಟ್ಟರೆ ನಮ್ಮ ಕಿವಿಗಾದರೂ ಆರಾಮ ಎಂದು ಕಾರ್ಮಿನಕ್ಕನೇ ಅವಳನ್ನು ಮ್ಯಾನೇಜರ್ ಮಾಡಿಸಿದಳು.

ಕಾರ್ಮಿನಕ್ಕ ಮಂಗಳೂರಿನವಳು, ನರ್ಸು, ನಲವತ್ತು ದಾಟಿದ ಗಟ್ಟಿಗಿತ್ತಿ. ತೃಷಾ ಹುಟ್ಟಿದ ಹೊಸತರಲ್ಲಿ, ಅಮ್ಮನ ವೀಸಾ ತಡವಾಗಿ ಗಾನವಿ ಒಬ್ಬಳೇ ಅಳುತ್ತ ಕೂತಿದ್ದಾಗ, ಡ್ಯೂಟಿ ಮುಗಿಸಿ ಬಂದು ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ ಹೋಗುತ್ತಿದ್ದವಳು ಅವಳೇ. ತಂಡದ ಪಿಚರೂ ಅವಳೇ. ವೇಗದ ಚೆಂಡು. ಒಂದೊಂದು ಎಸೆತದ ನಡುವೆಯೂ ಗೊಣಗಾಟ: ಅಂಪೈರಿಗೆ ಕನ್ನಡಕ ಬೇಕು, ಕ್ಯಾಚರ್ ಹುಡುಗಿ ನಿದ್ದೆ ಮಾಡ್ತಿದ್ದಾಳೆ, ಈ ಬಿಸಿಲಿಗೆ ಮಂಡೆ ಸರಿ ಇಲ್ಲ. ಅರ್ಧ ಕೊಂಕಣಿ, ಅರ್ಧ ಕನ್ನಡ.

ಲೀಗ್ ಮುಗಿದು, ಸೋತವರು ಮನೆಗೆ ಹೋಗುವ ಪ್ಲೇಆಫ್ ಹಂತ ಬಂದಾಗ ತೊಂದರೆ ಶುರುವಾಯಿತು. ಸೆಮಿಫೈನಲ್‌ನ ಕೊನೆಯ ಸರದಿಯಲ್ಲಿ ಕಾರ್ಮಿನಕ್ಕನ ಚೆಂಡಿಗೆ ಹೊಡೆತದ ಮೇಲೆ ಹೊಡೆತ ಬಿದ್ದು, ಗೆಲುವು ಕೂದಲೆಳೆಯಲ್ಲಿ ಉಳಿಯಿತು. ಅವತ್ತಿನಿಂದ ಟವರಿನ ಕೆಳಗೆ ಅಬ್ದುಲ್ ಸಲಾಂ ನಡೆಸುವ ಕೆಫೆಟೇರಿಯಾದಲ್ಲಿ ಚಹಾಕ್ಕಿಂತ ಹೆಚ್ಚಾಗಿ ಅದೇ ಚರ್ಚೆ ಕುದಿಯುತ್ತಿತ್ತು.

ನಂದನ್ ಅಮೆರಿಕದ ಪ್ರಾಜೆಕ್ಟೊಂದಕ್ಕೆ ಹೋಗಿ ಬಂದವನು. ಪ್ರತಿವರ್ಷ ಅಲ್ಲಿನ ಪ್ಲೇಆಫ್ ಬಂದಾಗ ಬೆಳ್ಳಂಬೆಳಿಗ್ಗೆ ಎದ್ದು ಟೀವಿ ಮುಂದೆ ಕೂರುವ ಚಟ ಹತ್ತಿಸಿಕೊಂಡಿದ್ದ. ಮೇಲ್ಮಟ್ಟದ ಬೇಸ್‌ಬಾಲ್‌ನಲ್ಲಿ ಒಬ್ಬನೇ ಪಿಚರ್ ಕೊನೆತನಕ ಎಸೆಯುವುದೇ ಅಪರೂಪ, ಮೈದಾನದ ಬದಿಗೆ ಬುಲ್‌ಪೆನ್ ಅಂತ ಜಾಗವಿದ್ದು ಬದಲಿ ಪಿಚರುಗಳು ಅಲ್ಲಿ ಕೈ ಬಿಸಿ ಮಾಡಿಕೊಳ್ಳುತ್ತಾರೆ, ಒಳ್ಳೆಯ ಮ್ಯಾನೇಜರ್ ಸುಸ್ತಾದವನನ್ನು ಹೊಡೆತ ಬೀಳುವ ಮುಂಚೆಯೇ ಇಳಿಸುತ್ತಾನೆ ಎಂದು ಅವನು ಟಿಶ್ಯೂ ಪೇಪರಿನ ಮೇಲೆ ಚಿತ್ರ ಬರೆದು ವಿವರಿಸಿದ. ಬಂಟ್ವಾಳದ ಸಲಾಂ ಕ್ರಿಕೆಟ್ಟಿನ ಮನುಷ್ಯ. ಕೈಯಲ್ಲಿ ಸೌಟು ಹಿಡಿದೇ ಎಲ್ಲ ಕೇಳಿಸಿಕೊಂಡ.

"ಅಲ್ಲ ಸಾರ್, ಇಲ್ಲಿಯವರೆಗೆ ತಂದದ್ದು ಯಾರು? ಕಾರ್ಮಿನಕ್ಕ. ಫೈನಲ್‌ನಲ್ಲಿ ಅವರನ್ನು ಇಳಿಸುವುದಾ? ಆ ಲೆಕ್ಕ ನಮ್ಮಲ್ಲಿ ಮಾಫಿ, ಇಲ್ಲವೇ ಇಲ್ಲ."

"ಸೆಂಟಿಮೆಂಟ್ ಇಟ್ಕೊಂಡು ಕಪ್ ಗೆಲ್ಲೋಕಾಗಲ್ಲ ಸಲಾಂ."

"ಕಪ್ ಬೇಡ ಸಾರ್, ಮನುಷ್ಯರು ಬೇಕು. ನಾಳೆ ಲಿಫ್ಟಿನಲ್ಲಿ ಮುಖ ನೋಡ್ಬೇಕಲ್ಲ?"

ಆ ಲಿಫ್ಟಿನ ಮಾತೇ ಗಾನವಿಯ ನಿದ್ದೆ ಕೆಡಿಸಿದ್ದು. ಇಳಿಸಿದರೆ ಅಕ್ಕನಂಥವಳು ದೂರವಾದಾಳು. ಇಳಿಸದಿದ್ದರೆ ಇಷ್ಟು ಜನ ಬಿಸಿಲಿನಲ್ಲಿ ಬೆವರು ಸುರಿಸಿದ್ದು ನೀರುಪಾಲಾದೀತು. ಮೈಸೂರಿನ ಅಮ್ಮನಿಗೆ ಫೋನು ಮಾಡಿ ಕೇಳಿದಳು; ಮಗುವಿಗೆ ಶೀತವಿಲ್ಲವಷ್ಟೆ ಎಂದು ಅಮ್ಮ ಕೇಳಿದರು. ಮೇಡಂ ನಂಬರನ್ನೂ ಒಂದೆರಡು ಸಲ ತೆರೆದು ನೋಡಿ ಮುಚ್ಚಿದಳು.

ಬದಲಿ ಪಿಚರ್ ಎಂದರೂ ಇದ್ದವಳು ಒಬ್ಬಳೇ, ಯಶ್ಮಿತಾ. ಆ ವರ್ಷವಷ್ಟೇ ಮದುವೆಯಾಗಿ ಕಾಪುವಿನಿಂದ ಬಂದ ಹುಡುಗಿ. ಸಾಫ್ಟ್‌ಬಾಲ್ ಎಂದರೇನೆಂದು ಕೇಳಿದವಳಲ್ಲ. ಆದರೆ ಅಣ್ಣಂದಿರ ಜೊತೆ ಅಂಗಳದಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಆಡಿ ಬೆಳೆದವಳು. ಉಡುಪಿ ಕಡೆ ಅದಕ್ಕೇ ಬೇರೆ ಟೂರ್ನಮೆಂಟುಗಳಿವೆ: ಕೈ ಎತ್ತದೆ ಮೊಣಕಾಲ ಹತ್ತಿರದಿಂದ ಚೆಂಡು ಬಿಡಬೇಕು, ಬೆರಳಲ್ಲಿ ತಿರುವಬೇಕು. ಮೊದಲ ದಿನ ಅವಳು ಚೆಂಡು ಬಿಟ್ಟ ಬಗೆ ಕಂಡು ಗಾನವಿ ಕೂತಲ್ಲಿಂದ ಎದ್ದಿದ್ದಳು. ಚೆಂಡು ಇನ್ನೇನು ಬಂತು ಅನ್ನುವಷ್ಟರಲ್ಲಿ ತಡವರಿಸಿ ಕೆಳಗಿಳಿಯುತ್ತಿತ್ತು. ತೊಂದರೆ ಒಂದೇ. ಕ್ರಿಕೆಟ್ಟಿನ ಅಭ್ಯಾಸದಿಂದ ಅವಳು ಚೆಂಡನ್ನು ನೆಲಕ್ಕೆ ಹಾಕುತ್ತಿದ್ದಳು. ಇಲ್ಲಿ ನೆಲಕ್ಕೆ ಬಿದ್ದರೆ ಎಸೆತವೇ ಕೆಟ್ಟ ಹಾಗೆ. ಬೇಸ್‌ಮೆಂಟ್ ಪಾರ್ಕಿಂಗಿನ ಕಂಬವೊಂದಕ್ಕೆ ಟೇಪು ಅಂಟಿಸಿ, ಸ್ಟ್ರಾಲರಿನಲ್ಲಿ ತೃಷಾಳನ್ನು ಮಲಗಿಸಿಕೊಂಡು ಗಾನವಿ ಅವಳಿಗೆ ಹೇಳಿಕೊಟ್ಟಳು. ನಡುವೆ ವಾಚ್‌ಮನ್ ಬಂದು ಕಾರಿಗೆ ತಾಗಿದರೆ ಖಲಾಸ್ ಎಂದು ಗದರಿ ಹೋಗುತ್ತಿದ್ದ.

ಶುಕ್ರವಾರದ ಫೈನಲ್‌ನಲ್ಲಿ ಕೈಗಾರಿಕಾ ಪ್ರದೇಶವಾದ ಮುಸಫ್ಫಾದ ಕಂಪನಿಯೊಂದರ ತಂಡ ಎದುರಾಳಿ. ಆಟವನ್ನು ಮೈಗೂಡಿಸಿಕೊಂಡ ಫಿಲಿಪಿನೋ ಹೆಂಗಸರೇ ಹೆಚ್ಚು. ಕಂಪನಿ ಬಸ್ಸಿನಿಂದ ಹಾಡು ಹೇಳುತ್ತ ಇಳಿದರು. ರಾಣೀಸ್ ಕಡೆಯವರು ಕಾರುಗಳ ನೆರಳಿಗೆ ಚಾಪೆ ಹಾಸಿ, ಚಿತ್ರಾನ್ನದ ಡಬ್ಬಿ ಇಟ್ಟು ಕೂತರು. ಆ ಚಾಪೆಯ ಹಿಂದೆ ಯಶ್ಮಿತಾ ಕೈ ಬಿಸಿ ಮಾಡಿಕೊಳ್ಳುತ್ತಿದ್ದಳು. ನಂದನ್ ಅದಕ್ಕೆ ಬುಲ್‌ಪೆನ್ ಅಂದ. ಸಲಾಂ ಹಾಲಿಲ್ಲದ ಸುಲೈಮಾನಿ ಚಹಾ ಬಗ್ಗಿಸುತ್ತ, ಚಪ್ಪಲಿ ಬಿಡುವ ಜಾಗಕ್ಕೆ ಎಷ್ಟು ದೊಡ್ಡ ಹೆಸರು ಸಾರ್ ಎಂದ.

ಆಟ ಮೊದಲಿನಿಂದ ರಾಣೀಸ್ ಹಿಡಿತದಲ್ಲೇ ಇತ್ತು. ಕಾರ್ಮಿನಕ್ಕ ಸಿಡಿದಂತೆ ಎಸೆಯುತ್ತಿದ್ದಳು, ಮತ್ತು ಬೈಯುತ್ತಿದ್ದಳು. ಕೊನೆಯ ಸರದಿಯಲ್ಲಿ ಮುಸಫ್ಫಾದವರು ಬ್ಯಾಟಿಗೆ ಬಂದಾಗ ರಾಣೀಸ್ ಎರಡು ರನ್ ಮುಂದಿತ್ತು. ಮೂವರನ್ನು ಔಟ್ ಮಾಡಿದರೆ ಕಪ್ ತಮ್ಮದು. ಮೊದಲನೆಯವಳು ಔಟಾದಳು. ಎರಡನೆಯವಳು ಹೊಡೆದು, ಓಡಿ, ರನ್ನಿನ ಹಾದಿಯ ಮೊದಲ ನಿಲುಗಡೆಯಾದ ಬೇಸು ಮುಟ್ಟಿದಳು. ಮೂರನೆಯವಳೂ ಮುಟ್ಟಿದಳು. ಇಬ್ಬರು ಬೇಸಿನ ಮೇಲೆ. ಬ್ಯಾಟು ತಿರುಗಿಸುತ್ತ ಬಂದವಳು ಅವರ ನಾಯಕಿ. ಅವಳ ಒಂದು ದೊಡ್ಡ ಹೊಡೆತಕ್ಕೆ ಮೂವರೂ ಓಡಿ ಬಂದರೆ ಎಲ್ಲವೂ ಮುಗಿದಂತೆ.

ಸೋಜಿಗವೆಂದರೆ ಚಾಪೆಯ ಮೇಲಿನ ಪಂಡಿತರು ಆ ಹೊತ್ತಿಗೆ ಪಕ್ಷ ಬದಲಿಸಿಬಿಟ್ಟಿದ್ದರು. ವಾರವಿಡೀ ಇಳಿಸಬೇಕು ಎಂದ ನಂದನ್ ಬೆವರೊರೆಸಿಕೊಳ್ಳುತ್ತ, ಆ ಹೊಸ ಹುಡುಗಿಯನ್ನು ನಂಬಿ ಕೆಡಬೇಡ ಎಂದು ಗೋಗರೆಯತೊಡಗಿದ. ಸಲಾಂ ಎದ್ದು ನಿಂತು, ಸಾಕು ಮ್ಯಾಡಂ, ಅವರ ಕೈ ಹೋಗಿದೆ, ಇಳಿಸಿ ಎಂದ.

ಗಾನವಿಗೆ ಇಬ್ಬರ ಮಾತೂ ಕೇಳಿಸಲಿಲ್ಲ. ಮೈದಾನದ ನಡುವಿನಿಂದ ಬರಬೇಕಿದ್ದ ದನಿಯೊಂದೂ ಅವಳಿಗೆ ಕೇಳಿಸುತ್ತಿರಲಿಲ್ಲ. ಅಂಪೈರಿನ ಕನ್ನಡಕದ ಮಾತಿಲ್ಲ. ಕ್ಯಾಚರಿನ ನಿದ್ದೆಯ ಮಾತಿಲ್ಲ. ಕಾರ್ಮಿನಕ್ಕ ತುಟಿ ಬಿಗಿದು, ವಾಪಸು ಬಂದ ಚೆಂಡನ್ನು ಹಿಡಿದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ತಲೆಯಾಡಿಸಿದಳು. ಸೆಮಿಫೈನಲ್‌ನ ಕೊನೆಯಲ್ಲೂ ಹೀಗೆಯೇ ಮೌನವಾಗಿದ್ದಳಲ್ಲ ಎಂದು ಗಾನವಿಗೆ ಥಟ್ಟನೆ ನೆನಪಾಯಿತು. ಅದರ ಹಿಂದೆಯೇ, ಬಹಳ ಹಿಂದಿನ ಒಂದು ವಾಕ್ಯ ಮೇಡಂ ದನಿಯಲ್ಲೇ ಎದ್ದು ಬಂತು. ನಿನ್ನ ಬಾಯಿ ನಿಂತುಹೋಗಿತ್ತು, ಗಾನವಿ.

ತೃಷಾಳನ್ನು ಗಂಡನ ತೊಡೆಗೆ ಹಾಕಿ ಅವಳು ಮೈದಾನದೊಳಕ್ಕೆ ನಡೆದಳು. ಆ ಲೀಗಿನಲ್ಲಿ ಒಮ್ಮೆ ಇಳಿಸಿದ ಪಿಚರನ್ನು ಅದೇ ಆಟದಲ್ಲಿ ಮತ್ತೆ ಎಸೆಯಲು ಕರೆಯುವಂತಿಲ್ಲ. ಕಾರ್ಮಿನಕ್ಕ ಅವಳನ್ನೂ, ಹಿಂದೆ ಬರುತ್ತಿದ್ದ ಯಶ್ಮಿತಾಳನ್ನೂ ನೋಡಿದಳು.

"ಎಂತಕ್ಕೆ?"

"ನೀವು ಬೈಯೋದು ನಿಲ್ಲಿಸಿದ್ರಿ, ಅಕ್ಕ."

ಕಾರ್ಮಿನಕ್ಕ ಚೆಂಡನ್ನು ಅವಳ ಅಂಗೈಗೆ ಒತ್ತಿ ಚಾಪೆಯ ಕಡೆ ಹೊರಟಳು.

"ಹೊರಗಲ್ಲ ಅಕ್ಕ. ಫಸ್ಟ್ ಬೇಸಿಗೆ ಹೋಗಿ. ಅಲ್ಲಿ ನಿಮ್ಮಷ್ಟು ಗಟ್ಟಿ ಕೈ ಇನ್ಯಾರದ್ದೂ ಇಲ್ಲ."

ಯಶ್ಮಿತಾ ಚೆಂಡು ಇಸಿದುಕೊಂಡಳು. "ಅಕ್ಕ, ನಂಗೆ ಹೆದರಿಕೆ ಆಗ್ತದೆ" ಎಂದಳು. ತನಗೂ ಆಗುತ್ತಿದೆ, ಇಬ್ಬರಿಗೂ ಸೇರಿ ತಾನೇ ಹೆದರುತ್ತೇನೆ, ನೀನು ಆ ಕಂಬಕ್ಕೆ ಎಸೆದುಬಿಡು ಎಂದು ಗಾನವಿ ಅವಳ ಬೆನ್ನು ತಟ್ಟಿ ಬಂದಳು.

ಮೊದಲ ಚೆಂಡು ಹಳೆಯ ಅಭ್ಯಾಸಕ್ಕೆ ನೆಲ ಕಚ್ಚಿತು. ಬಸ್ಸಿನ ಕಡೆಯಿಂದ ನಗು ತೇಲಿ ಬಂತು. ಎರಡನೆಯದು ದೂರ ಹೋಯಿತು. ನಂದನ್ ಕಣ್ಣು ಮುಚ್ಚಿಕೊಂಡ. ಮೂರನೆಯದು ಹೊರಟಿತು ನೋಡಿ, ಕಾಪುವಿನ ಅಂಗಳದ್ದೇ ಚೆಂಡು, ಆದರೆ ನೆಲ ಬಿಟ್ಟು. ಕಾರ್ಮಿನಕ್ಕನ ವೇಗಕ್ಕೆ ಒಗ್ಗಿದ್ದ ನಾಯಕಿ ಚೆಂಡು ಬರುವ ಮೊದಲೇ ಬ್ಯಾಟು ಬೀಸಿ ಮುಗಿಸಿದ್ದಳು. ಚೆಂಡು ಸಾವಕಾಶವಾಗಿ ಆಮೇಲೆ ಬಂತು. ನಗು ನಿಂತಿತು. ಮುಂದಿನದಕ್ಕೆ ಅವಳು ಕಾದು ಹೊಡೆದಳು. ಚೆಂಡು ನೆಟ್ಟಗೆ ಮೇಲೇರಿ, ಕೆಳಗೆ ಕೈಯೊಡ್ಡಿ ನಿಂತ ಕ್ಯಾಚರ್ ಹುಡುಗಿಯ ಗ್ಲೌಸಿಗೆ ಬಿತ್ತು. ಎರಡು ಔಟ್.

ಆಮೇಲೆ ಬಂದವಳು ಬುದ್ಧಿವಂತೆ. ಮೂರು ಚೆಂಡು ಬರೀ ನೋಡಿದಳು. ನಾಲ್ಕನೆಯದು ಬ್ಯಾಟಿನ ಕೆಳತುದಿಗೆ ತಾಗಿ ಮಣ್ಣು ಕೆದರುತ್ತ ಯಶ್ಮಿತಾಳ ಕಾಲ ಬಳಿಗೇ ಉರುಳಿ ಬಂತು. ಅಂಗಳದಲ್ಲಿ ಅಂಥ ಚೆಂಡು ಹೆಕ್ಕಿಯೇ ಬೆಳೆದವಳು ಬಗ್ಗಿ, ಹೆಕ್ಕಿ, ತಿರುಗಿ, ಫಸ್ಟ್ ಬೇಸಿಗೆ ಎಸೆದಳು. ಬ್ಯಾಟಿನವಳು ಓಡಿ ಮುಟ್ಟುವ ಮೊದಲೇ ಚೆಂಡು ಅಲ್ಲಿ ಸೇರಿದರೆ ಔಟ್. ಎಸೆತ ಎತ್ತರವಾಯಿತು. ಕಾರ್ಮಿನಕ್ಕ ಒಂದು ಕಾಲು ಬೇಸಿನ ಮೇಲಿಟ್ಟೇ ಮೈಯನ್ನೆಲ್ಲ ಚಾಚಿದಳು. ಚೆಂಡು ಅವಳ ಗ್ಲೌಸಿನ ತುದಿಯಲ್ಲಿ ಸಿಕ್ಕಿ ನಿಂತಿತು. ಅಂಪೈರ್ ಕೈ ಎತ್ತಿದ.

ಚಾಪೆ, ಚಿತ್ರಾನ್ನ, ಸುಲೈಮಾನಿ ಎಲ್ಲ ಚೆಲ್ಲಾಪಿಲ್ಲಿ. ಸಲಾಂ ನಂದನ್‌ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ತಾನು ಮೊದಲಿಂದ ಹೇಳಿದ್ದೂ ಇದನ್ನೇ ಎಂದು ಇಬ್ಬರೂ ಒಟ್ಟಿಗೆ ಸಾರಿದರು. ಮುಸಫ್ಫಾದ ನಾಯಕಿ ತಾನೇ ಬಂದು ಯಶ್ಮಿತಾಳ ಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡಿ, ನಕ್ಕು, ಅವಳ ಕೈ ಮೇಲೆತ್ತಿ ಹಿಡಿದಳು.

ಕಾರ್ಮಿನಕ್ಕ ಎಲ್ಲರನ್ನೂ ಸರಿಸಿಕೊಂಡು ಗಾನವಿಯ ಹತ್ತಿರ ಬಂದಳು. ಬಲಭುಜವನ್ನು ಎಡಗೈಯಲ್ಲಿ ಹಿಡಿದಿದ್ದಳು.

"ಭುಜ ಆಗಿನಿಂದಲೇ ನೋಯ್ತಿತ್ತು ಮಾರಾಯ್ತಿ. ಹೇಳಿದ್ರೆ ನೀನು ಇಳಿಸ್ತಿದ್ದೆ ಅಂತ ಹೇಳ್ಲಿಲ್ಲ."

"ಹೇಳದೇ ಇದ್ರೂ ಇಳಿಸಿದ್ನಲ್ಲ ಅಕ್ಕ."

"ಹೌದು, ನಿನ್ನದು ಕಣ್ಣಾ ಸ್ಕ್ಯಾನಿಂಗ್ ಮಿಷನ್ನಾ?" ಎಂದವಳೇ ಯಶ್ಮಿತಾಳ ಕಡೆ ತಿರುಗಿ, ಅದೆಂಥ ಎಸೆತ, ತಾನು ಸ್ವಲ್ಪ ಗಿಡ್ಡ ಇದ್ದಿದ್ದರೆ ಚೆಂಡು ದುಬೈಯಲ್ಲಿ ಹೆಕ್ಕಬೇಕಿತ್ತು, ಆ ಅಂಪೈರಿಗೆ ಕೊನೆಗಾದರೂ ಕಣ್ಣು ಕಂಡಿತಲ್ಲ, ಈ ಬಿಸಿಲಿಗೆ ಕಪ್ಪಿನೊಳಗೆ ಮೊಟ್ಟೆ ಬೇಯಿಸಬಹುದು ಎಂದು ಶುರು ಹಚ್ಚಿಕೊಂಡಳು. ಗಾನವಿ ನಿಂತು ಪೂರ್ತಿ ಕೇಳಿಸಿಕೊಂಡಳು. ಇಷ್ಟು ಇಂಪಾದ ಗೊಣಗಾಟವನ್ನು ಅವಳು ಕೇಳಿಯೇ ಇರಲಿಲ್ಲ.

ಫೋಟೋಕ್ಕೆ ಎಲ್ಲರೂ ಸಾಲು ನಿಲ್ಲುತ್ತಿದ್ದರು. ತೃಷಾಗೆ ಟೋಪಿ ಹಾಕಲು ಹೋದ ನಂದನ್‌ಗೆ ಗಟ್ಟಿಯಾಗಿ 'ನೋ' ಸಿಕ್ಕಿತು. ಗಾನವಿ ಕಾರಿನ ಹಿಂದಿನ ನೆರಳಿಗೆ ಸರಿದು ಫೋನು ತೆಗೆದಳು. ಎಷ್ಟೋ ಫೋನು ಬದಲಾದರೂ ಆ ನಂಬರನ್ನು ಅವಳು ಅಳಿಸಿರಲಿಲ್ಲ. ಈ ಸಲ ತೆರೆದು ಮುಚ್ಚಲಿಲ್ಲ. ಮೈಸೂರಿನಲ್ಲಿ ಫೋನು ರಿಂಗಾಯಿತು.

"ಹಲೋ, ಯಾರು?"

"ಮೇಡಂ, ಗಾನವಿ. ನಿಮ್ಮ ಪಿಚರ್ ಗಾನವಿ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. "ಇವತ್ತು ಫೈನಲ್‌ನಲ್ಲಿ ನಾನೂ ಒಬ್ಬರನ್ನ ಇಳಿಸಿದೆ ಮೇಡಂ. ಅವರ ಬಾಯಿ ನಿಂತುಹೋಗಿತ್ತು."

ಆ ಕಡೆ ಕುಕ್ಕರು ಸಿಳ್ಳೆ ಹೊಡೆಯಿತು. ಸ್ಟವ್ ಆರಿಸಿದ ಸದ್ದು, ಕುರ್ಚಿ ಎಳೆದ ಸದ್ದು.

"ಗೆದ್ರಾ?"

"ಗೆದ್ವಿ ಮೇಡಂ."

"ಹಂಗಾದ್ರೆ ಮೊದಲನೇ ಚೆಂಡಿಂದ ಹೇಳು" ಎಂದರು ಮೇಡಂ. "ಒಂದೂ ಬಿಡಬೇಡ."