ಸ್ಟಾಂಪ್ ಪ್ಯಾಡ್ ಜೇಬಿಗಿಟ್ಟುಕೊಂಡ ಗುಮಾಸ್ತರು

ಎದುರುಮನೆ ಗುಮಾಸ್ತರ ಬಲಗೈಯ ಎರಡು ಬೆರಳು ಯಾವಾಗಲೂ ನೇರಳೆ. ಪಂಚಾಯಿತಿಯಲ್ಲಿ ಸೇವೆಯಲ್ಲಿದ್ದಷ್ಟು ಕಾಲವೂ ಊರಿನ ಮುದುಕ ಮುದುಕಿಯರ ಹೆಬ್ಬೆರಳು ಹಿಡಿದು ಮೊದಲು ಸ್ಟಾಂಪ್ ಪ್ಯಾಡಿಗೆ, ಆಮೇಲೆ ಪುಸ್ತಕಕ್ಕೆ ಒತ್ತಿಸಿದ ಬೆರಳುಗಳವು. ನಿವೃತ್ತರಾದ ಮೇಲೂ, ಪಿಂಚಣಿ ಅರ್ಜಿ ಬರೆಸಲು ಬಂದವರಿಗೆ ಜಗಲಿಯಲ್ಲೇ ಕೂತು ಅದೇ ಕೆಲಸ ಮಾಡಿಕೊಡುತ್ತಿದ್ದರು. ಆ ನೇರಳೆ ಬೆರಳಿನಲ್ಲೇ ನಮ್ಮ ಮನೆಯ ಮೆಟ್ಟಿಲು ತೋರಿಸಿ, "ಮುಕ್ಕಾಲು ಅಡಿ ರಸ್ತೆಗೆ ಬಂದೈತೆ ಮೇಷ್ಟ್ರೇ, ಒಡೆಸಿ" ಎಂದ ದಿನದಿಂದ ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಒಡೆಸಿದೆ. ಒಡೆಸದಿದ್ದರೆ ಬಿಡುವ ಆಸಾಮಿಯಲ್ಲ. ಸಂಜೆ ಹೊತ್ತು ನಮ್ಮಪ್ಪ ಕೂರುತ್ತಿದ್ದ ಕಲ್ಲು ಅದು. ಗುಮಾಸ್ತರು ಟೇಪು ಹಿಡಿದು ಪಕ್ಕದಲ್ಲೇ ನಿಂತವರು ಕೊನೆಯ ಚೂರು ಬೀಳುವವರೆಗೆ ಅಲ್ಲಾಡಲಿಲ್ಲ. ಬೀದಿಯಲ್ಲಿ ಯಾರೂ ಅವರನ್ನು "ಊಟ ಆಯ್ತಾ" ಎಂದು ಕೇಳುತ್ತಿರಲಿಲ್ಲ. ಅವರೂ ಯಾರನ್ನೂ ಕೇಳಿದವರಲ್ಲ. ಮದುವೆಗೆ ಕರೆದರೆ, ಚಪ್ಪರದ ಗೂಟ ಚರಂಡಿ ದಾಟಿದೆಯೇ ಎಂದು ಮೊದಲು ನೋಡುತ್ತಿದ್ದರು, ಅಕ್ಷತೆ ಆಮೇಲೆ.

ನಮ್ಮೂರು ಚಿಂತಾಮಣಿಯ ಅಂಚಿನಲ್ಲಿ, ಮುರುಗಮಲ್ಲದ ಬಸ್ಸು ಹೋಗುವ ದಾರಿಯಲ್ಲಿದೆ. ಊರನ್ನು ನಗರಸಭೆಗೆ ಸೇರಿಸುವ ಮಾತು ಬಂತು. ಅದಕ್ಕೆ ಗ್ರಾಮಸಭೆ ಒಪ್ಪಿ ನಿರ್ಣಯ ಮಾಡಿ ಕಳಿಸಬೇಕಿತ್ತು. ರಸ್ತೆ ಬದಿ ಜಮೀನಿದ್ದವರಿಗೆಲ್ಲ ಹಬ್ಬವೋ ಹಬ್ಬ. ನನಗೂ ಅಲ್ಲಿ ಅರ್ಧ ಎಕರೆ ಇತ್ತು. ಸಿಟಿಯೊಳಗೆ ಬಂದರೆ ಅದರ ಬೆಲೆಯೇ ಬೇರೆ. "ಬೀದಿ ದೀಪ ಬರ್ತದೆ, ಬನ್ನಿ, ಒಂದು ಸೈನ್ ಹಾಕಿ ಹೋಗಿ" ಎಂದು ಮನೆಮನೆಗೆ ಹೋಗಿ ಕರೆದವನು ನಾನೇ. ನಗರಸಭೆಗೆ ಸೇರಿದರೆ ಉದ್ಯೋಗ ಖಾತ್ರಿಯ ಕೂಲಿ ನಿಂತುಹೋಗುತ್ತದೆ, ಅದು ಹಳ್ಳಿಗೆ ಮಾತ್ರ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ.

ನಮ್ಮ ಗ್ರಾಮಸಭೆಯ ಪದ್ಧತಿ ಹೀಗಿತ್ತು. ಮೊದಲು ಸಹಿ, ಆಮೇಲೆ ಬೋಂಡ, ಟೀ. ಎಲ್ಲರೂ ಮನೆಗೆ ಹೋದ ಮೇಲೆ ಕಾರ್ಯದರ್ಶಿ ಮೇಲಿನ ಖಾಲಿ ಜಾಗದಲ್ಲಿ ನಿರ್ಣಯ ಬರೆದುಕೊಳ್ಳುವುದು. ಹಾಜರಾತಿಗೆಂದು ಹಾಕಿದ ಸಹಿಯೇ ಒಪ್ಪಿಗೆಯೂ ಆಗುತ್ತಿತ್ತು. ಯಾರೂ ಇದನ್ನು ಮೋಸ ಎಂದುಕೊಂಡಿರಲಿಲ್ಲ. ಆ ದಿನ ಖಾಲಿ ಹಾಳೆಯ ಮೇಲೆ ಬಿದ್ದ ಮೊದಲ ಸಹಿ ಹೈಸ್ಕೂಲು ಮೇಷ್ಟ್ರಾದ ನನ್ನದು.

ಹೆಬ್ಬೆಟ್ಟು ಒತ್ತಿಸಲು ರೂಢಿಯಂತೆ ಗುಮಾಸ್ತರನ್ನೇ ಕರೆದಿದ್ದರು. ಶಾಲೆಯ ಮುಂದೆ ಶಾಮಿಯಾನದ ಕೆಳಗೆ ಹೆಂಗಸರ ಸಾಲು. ಎಲ್ಲರಿಗಿಂತ ಮುಂದೆ ಅಕ್ಕಯಮ್ಮ, ಕೆರೆ ಹೂಳೆತ್ತುವ ಖಾತ್ರಿ ಕೂಲಿಯಲ್ಲಿ ಮನೆ ನಡೆಸುತ್ತಿದ್ದ ಹೆಂಗಸು. ಆಕೆ ಹೆಬ್ಬೆರಳು ಚಾಚಿದಳು. ಗುಮಾಸ್ತರು ಒಮ್ಮೆ ಹಾಳೆ ನೋಡಿದರು. ಸ್ಟಾಂಪ್ ಪ್ಯಾಡಿನ ಮುಚ್ಚಳ ಮುಚ್ಚಿ, ತಮ್ಮ ಬಿಳಿ ಅಂಗಿಯ ಜೇಬಿಗೆ ಇಳಿಸಿಬಿಟ್ಟರು.

"ಮೊದ್ಲು ಬರೀರಿ. ಓದಿ ಹೇಳಿ. ಆಮೇಲೆ ಹೆಬ್ಬೆಟ್ಟು."

"ಏನ್ ಸಾರ್, ನಿಮ್ಗೆ ಗೊತ್ತಿಲ್ಲದ್ದಾ? ಆಮೇಲೆ ಬರ್ಕೋತೀನಿ" ಎಂದರು ಕಾರ್ಯದರ್ಶಿ.

"ಗೊತ್ತಿರೋದಕ್ಕೇ ಹೇಳ್ತಿರೋದು."

ಗಲಾಟೆ ಎದ್ದಿತು. ಈ ಮುದುಕನ್ನ ಕರೆದೋರು ಯಾರು ಎಂದು ಒಬ್ಬ ಕೂಗಿದ. ಇನ್ನೊಬ್ಬ ಜೇಬಿಗೇ ಕೈ ಹಾಕಲು ಬಂದ. ಗುಮಾಸ್ತರು ಜೇಬಿನ ಮೇಲೆ ಅಂಗೈ ಒತ್ತಿ ಹಿಡಿದು ಕೂತರು. ಹಳೇ ಡಬ್ಬಿ, ಮಸಿ ಸೋರಿ ಅಂಗಿಗೆಲ್ಲ ಹರಡಿತು. ನನಗೆ ಮೆಟ್ಟಿಲು ನೆನಪಾಯಿತು. ಎದ್ದು ನಿಂತು, ಊರೆಲ್ಲ ಕೇಳುವಂತೆ ಕಿರುಚಿದೆ: "ಗುಂಡುತೋಪು ಹೋಯ್ತಲ್ಲ, ಆವಾಗ ಎಲ್ಲಿತ್ತು ಸ್ವಾಮಿ ಈ ನ್ಯಾಯ? ಇದೇ ಅಕ್ಕಯಮ್ಮನ ಬೆರಳು ಖಾಲಿ ಹಾಳೆಗೆ ಒತ್ತಿಸ್ದೋರು ನೀವೇ ಅಲ್ವಾ?"

ನಾನು ಹೇಳಿದ್ದು ನಿಜ. ಅವರು ಸೇವೆಯಲ್ಲಿದ್ದಾಗ ಹಾಗೆ ಒತ್ತಿಸಿದ ಹಾಳೆಯೊಂದರ ಮೇಲೆ ಯಾರೋ ಏನೋ ಬರೆದುಕೊಂಡು, ಊರಿಗೆ ಸೇರಿದ ಮಾವು ಹುಣಸೆಯ ತೋಪಿಗೆ ಯಾರದೋ ಬೇಲಿ ಬಿದ್ದಿತ್ತು. ಊರು ಅದನ್ನು ಅವರ ಬೆನ್ನ ಹಿಂದೆ ಮಾತ್ರ ಆಡಿಕೊಳ್ಳುತ್ತಿತ್ತು. ಎಲ್ಲರೆದುರು ಹೇಳಿದರೆ ತಲೆ ತಗ್ಗಿಸಿಕೊಂಡು ಎದ್ದು ಹೋಗುತ್ತಾರೆ ಎಂದು ನನ್ನ ಲೆಕ್ಕ.

"ಹೌದು ಮೇಷ್ಟ್ರೇ, ನಾನೇ. ಈ ಕೈಯೇ" ಎಂದರು. "ಅದಕ್ಕೇ ಇವತ್ತು ಒತ್ಸಲ್ಲ."

ಅಕ್ಕಯಮ್ಮ ಚಾಚಿದ್ದ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು. ಕಾರ್ಯದರ್ಶಿಯ ಕಡೆ ತಿರುಗಿ ತೆಲುಗಿನಲ್ಲಿ, "ಚದಿವಿ ಚೆಪ್ಪಯ್ಯಾ" ಎಂದಳು, ಓದಿ ಹೇಳು ಎಂದು. ಹಿಂದಿದ್ದ ಹೆಂಗಸರೆಲ್ಲ ಅದನ್ನೇ ಹಿಡಿದರು. ಕೊನೆಗೆ ಬರೆಯಲೇಬೇಕಾಯಿತು, ಓದಲೇಬೇಕಾಯಿತು: ಊರನ್ನು ನಗರಸಭೆಗೆ ಸೇರಿಸಲು ಸಭೆಯು ಸರ್ವಾನುಮತದಿಂದ ಒಪ್ಪಿದೆ.

"ಸೇರಿದ್ರೆ ಕೆರೆ ಕೆಲ್ಸ ಇರ್ತದಾ?" ಅಕ್ಕಯಮ್ಮ ಕೇಳಿದ್ದು ನನ್ನನ್ನು. ಅವಳ ಮನೆ ಬಾಗಿಲಲ್ಲಿ ಬೀದಿ ದೀಪದ ಮಾತಾಡಿ ಬಂದವನು ನಾನಲ್ಲವೇ? ನಾನು ಕೂತುಬಿಟ್ಟೆ.

"ಇರಲ್ಲಮ್ಮ" ಎಂದರು ಗುಮಾಸ್ತರು. "ಬೀದಿ ದೀಪ ಬರ್ತದೆ, ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಖಾತ್ರಿ ಕೂಲಿ ಹೋಗ್ತದೆ. ಯಾವ್ದು ಬೇಕೋ ನೀವೇ ಕೈ ಎತ್ತಿ ಹೇಳಿ."

ಕೈ ಎಣಿಸಿದರು. ಬೇಡ ಎಂದವರೇ ಹೆಚ್ಚು. ನನ್ನ ಸಹಿಯಿದ್ದ ಹಾಳೆಗೆ ಅಡ್ಡ ಗೆರೆ ಎಳೆದು ಹೊಸ ನಿರ್ಣಯ ಬರೆದರು. ಅದನ್ನು ಓದಿ ಮುಗಿಸಿದ ಮೇಲಷ್ಟೇ ಗುಮಾಸ್ತರು ಪ್ಯಾಡು ಹೊರಗೆ ತೆಗೆದದ್ದು.

ಆಮೇಲೆ ರಸ್ತೆ ಬದಿ ಜಮೀನಿನವರೆಲ್ಲ ಸೇರಿ ಅವರನ್ನು ದೂರ ಇಟ್ಟೆವು. ಮೊಮ್ಮಗಳ ನಾಮಕರಣಕ್ಕೆ ಮನೆಮನೆಗೆ ಬಂದು ಕರೆದರು. ಬೀದಿಯಿಂದ ಒಬ್ಬರೂ ಹೋಗಲಿಲ್ಲ. ನಾನು ಬಾಗಿಲು ಹಾಕಿಕೊಂಡು ಒಳಗಿದ್ದೆ. ಎದುರುಬದುರು ಮನೆ, ಎರಡು ವರ್ಷ ಮಾತಿಲ್ಲ. ಒಂದು ದಿನ ಸೊಸೈಟಿಯ ಯಾವುದೋ ಕಾಗದವನ್ನು ಬೈಕಿನ ಸೀಟಿನ ಮೇಲಿಟ್ಟುಕೊಂಡು ಸಹಿ ಹಾಕುತ್ತಿದ್ದಾಗ ಎದುರು ಜಗಲಿಯಿಂದ ಧ್ವನಿ ಬಂತು: "ಸಿಟ್ಟು ನನ್ ಮೇಲಿರ್ಲಿ ಮೇಷ್ಟ್ರೇ. ಓದಿ ಹಾಕಿ." ನಾನು ತಿರುಗಿ ನೋಡಲಿಲ್ಲ. ಆದರೆ ಓದಿದೆ. ಅವರ ಮಾತು ಕೇಳಿದೆನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಕಳೆದ ವರ್ಷ ಹೋದರು. ನಾನು ಮಣ್ಣಿಗೂ ಹೋಗಲಿಲ್ಲ. ಮುಕ್ಕಾಲು ಅಡಿ ಕಳೆದುಕೊಂಡ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ, ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಅವರಿಗೆ ಸಂತಾಪ ಸೂಚಿಸುವುದಿತ್ತು. ಪುಸ್ತಕ ನನ್ನ ಮುಂದೆ ಬಂತು. ಮೇಲಿನ ಜಾಗ ಖಾಲಿ. ಗುಮಾಸ್ತರು ಇಲ್ಲವೆಂದು ಹಳೇ ಪದ್ಧತಿ ವಾಪಸು ಬಂದಿತ್ತು.

"ಮೊದ್ಲು ಬರೀರಿ" ಎಂದೆ.

ಕಾರ್ಯದರ್ಶಿ ಗೊಣಗುತ್ತಾ ಬರೆದು ಓದಿದರು: "ಜನಾನುರಾಗಿಗಳೂ ಸರ್ವರಿಗೂ ಪ್ರೀತಿಪಾತ್ರರೂ ಆಗಿದ್ದ..."

"ಸುಳ್ಳು. ಹೊಡೆದಾಕಿ. ಅವರನ್ನ ಕಂಡ್ರೆ ಈ ಊರಲ್ಲಿ ಯಾರಿಗೂ ಆಗ್ತಿರ್ಲಿಲ್ಲ. ನನಗಂತೂ ಮೊದ್ಲೇ ಆಗ್ತಿರ್ಲಿಲ್ಲ."

"ಮತ್ತೇನ್ ಬರೀಲಿ ಮೇಷ್ಟ್ರೇ?" ಎಂದು ಕಾರ್ಯದರ್ಶಿ ಪೆನ್ನು ಹಿಡಿದು ಕಾದರು. ಹೆಂಗಸರ ಸಾಲಿನಿಂದ ಅಕ್ಕಯಮ್ಮ ಎದ್ದಳು.

"ನಮ್ಗೆ ಓದಿ ಹೇಳಿಸ್ದೋರು ಅಂತ ಬರ್ಕೊಳ್ಳಯ್ಯಾ. ಅಷ್ಟು ಸಾಕು."

ಹಳೆಯ ಸಾಲು ಹೊಡೆದು ಅದನ್ನು ಬರೆದರು, ಓದಿದರು. ಒಪ್ಪುವವರು ಕೈ ಎತ್ತಿ ಎಂದಾಗ ಎತ್ತಿದೆ. ಅಕ್ಕಯಮ್ಮ ಮೇಜಿನ ಹತ್ತಿರ ಬಂದು ಹೆಬ್ಬೆರಳು ಚಾಚಿದಳು. ಒತ್ತಿಸುವವರು ಯಾರೂ ಇರಲಿಲ್ಲ. ನಾನೇ ಹಿಡಿದು ಒತ್ತಿಸಿ, ಅದರ ಕೆಳಗೆ ಸಹಿ ಹಾಕಿದೆ.